ಶಾಲೆ ಒಂದೇ ದೂರ, ಒಂದು ದಾರಿಯಲ್ಲಿ ಮಕ್ಕಳು ನಡೀತಾರೆ, ಇನ್ನೊಂದರಲ್ಲಿ ಯಾಕೆ ಇಲ್ಲ?

ಬೇಲಿಹೂ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನನಗೆ ಹದಿನಾರರ ಮಗ, ಹದಿಮೂರರ ಮಗಳು. ಇಬ್ಬರ ಶಾಲೆಯೂ ಮನೆಯಿಂದ ಹೆಚ್ಚುಕಡಿಮೆ ಒಂದೇ ದೂರ, ದಿಕ್ಕು ಮಾತ್ರ ಬೇರೆ. ಮಗ ಸೈಕಲ್‌ನಲ್ಲಿ ಹೋಗಿಬರುತ್ತಾನೆ. ದಾರಿಯುದ್ದಕ್ಕೂ ಒಬ್ಬೊಬ್ಬರೇ ಗೆಳೆಯರು ಸೇರಿಕೊಂಡು ಶಾಲೆ ಮುಟ್ಟುವ ಹೊತ್ತಿಗೆ ಒಂದು ಗುಂಪೇ ಆಗಿರುತ್ತದೆ. ಮಗಳ ಶಾಲೆಯ ಕಡೆ ನಡೆದು ಹೋಗುವ ಮಕ್ಕಳೇ ಕಾಣುವುದಿಲ್ಲ. ಎಲ್ಲರೂ ಕಾರು, ಸ್ಕೂಟರ್, ವ್ಯಾನಿನಲ್ಲೇ ಬರುವವರು.

"ಹೆಣ್ಣುಮಗು ಅಂತ ನೀವೇ ಹೆದರಿದ್ದೀರಿ" ಎಂದು ಮನೆಯವರು ಹೇಳಿದರು. ಹಾಗಾದರೆ ಆ ಶಾಲೆಯ ಗಂಡುಮಕ್ಕಳಾದರೂ ನಡೆಯಬೇಕಿತ್ತಲ್ಲ? ಅವರೂ ನಡೆಯುವುದಿಲ್ಲ. ಈಗಿನ ಮಕ್ಕಳಿಗೆ ಸೋಮಾರಿತನ ಅನ್ನುವ ಮಾತು ದಯವಿಟ್ಟು ಬೇಡ, ಒಂದೇ ಮನೆಯ ಇಬ್ಬರು ಮಕ್ಕಳ ವಿಷಯ ಇದು. ದಾರಿಯಲ್ಲಿ ಏನಿದ್ದರೆ ಮಕ್ಕಳು ನಡೆಯುತ್ತಾರೆ, ಏನಿಲ್ಲದಿದ್ದರೆ ನಡೆಯುವುದಿಲ್ಲ? ಗೊತ್ತಿರುವವರು ಹೇಳಿ.

ನಾಲ್ಕುದಾರಿ

ರಸ್ತೆ ವಿನ್ಯಾಸ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಲ್ಲರೂ ಮೊದಲು ಹೇಳುವುದು ದೂರ. ಅದು ನಿಜವೂ ಹೌದು, ಯಾವ ದೇಶದ ಅಧ್ಯಯನ ತೆಗೆದರೂ ದೂರ ಹೆಚ್ಚಾದಷ್ಟೂ ನಡೆಯುವವರು ಕಡಿಮೆ. ಆದರೆ ಮಕ್ಕಳು ಎಷ್ಟು ದೂರವನ್ನು ದೂರ ಅಂದುಕೊಳ್ಳುತ್ತಾರೆ ಎಂಬುದು ಊರಿಂದೂರಿಗೆ ಬೇರೆ. ಬೆಲ್ಜಿಯಂನಲ್ಲಿ 17–18ರ ವಯಸ್ಸಿನವರನ್ನು ಗಮನಿಸಿದಾಗ, ನಡೆದು ಹೋಗುವವರಲ್ಲಿ ಬಹುಪಾಲು 2 ಕಿ.ಮೀ. ಒಳಗಿನವರು, ಸೈಕಲ್‌ನವರು 8 ಕಿ.ಮೀ. ಒಳಗಿನವರು. ಐರ್ಲೆಂಡ್‌ನಲ್ಲಿ 15–17ರವರಲ್ಲಿ ನಡಿಗೆಗೆ 2.4 ಕಿ.ಮೀ., ಸೈಕಲ್‌ಗೆ 4 ಕಿ.ಮೀ. ನಡಿಗೆಯ ಮಿತಿ ಎರಡು ಕಡೆಯೂ ಹತ್ತಿರ ಹತ್ತಿರವೇ ಇದೆ, ಸೈಕಲ್‌ನದು ಮಾತ್ರ ಬೆಲ್ಜಿಯಂನಲ್ಲಿ ಐರ್ಲೆಂಡಿನ ಎರಡರಷ್ಟು. ವಯಸ್ಸಿನ ಒಂದೆರಡು ವರ್ಷದ ಅಂತರದಿಂದ ಇಷ್ಟು ವ್ಯತ್ಯಾಸ ಬರುವುದಿಲ್ಲ. ಬೆಲ್ಜಿಯಂನಲ್ಲಿ ಆ ಅಧ್ಯಯನ ನಡೆದ ಭಾಗದಲ್ಲಿ ನೆಲ ಸಮತಟ್ಟು, ಸೈಕಲ್‌ಗೆ ಜಾಗ ಬಿಟ್ಟಿದ್ದಾರೆ, ಕಾರಣ ಅಲ್ಲಿದೆ ಎಂದು ನನ್ನ ಅಭಿಪ್ರಾಯ.

ವಯಸ್ಸಿನ ಲೆಕ್ಕವೂ ಇದೆ. ಇಂಗ್ಲೆಂಡಿನಲ್ಲಿ ಒಂದೇ ಗುಂಪಿನ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ ನಡಿಗೆಯ ಮಿತಿ 10ರ ವಯಸ್ಸಿನಲ್ಲಿ 1.4 ಕಿ.ಮೀ. ಇದ್ದದ್ದು 14ಕ್ಕೆ ಬರುವಾಗ 3 ಕಿ.ಮೀ. ಆಗಿತ್ತು. ಕಾಲು ಬಲಿತು, ಒಬ್ಬರೇ ಓಡಾಡುವ ಧೈರ್ಯ ಬರುವ ವಯಸ್ಸು ಇದೇ. ಅದೇ ವಯಸ್ಸಿನಲ್ಲಿ ನಾವು ಅವರನ್ನು ಕಾರಿನಲ್ಲಿ ಕೂರಿಸುತ್ತಿದ್ದೇವೆ.

ಇನ್ನು ದೂರ ಅಳೆಯುವುದು ಹೇಗೆ ಅನ್ನುವುದು. ನಕ್ಷೆಯಲ್ಲಿ ಗೆರೆ ಎಳೆದರೆ 800 ಮೀಟರ್ ಇರುವ ಶಾಲೆಗೆ ರಸ್ತೆ ಹಿಡಿದು ಹೋದರೆ ಎರಡು ಕಿ.ಮೀ. ಆಗುವ ಬಡಾವಣೆಗಳು ಬೇಕಾದಷ್ಟಿವೆ. ಮುಂದೆ ದಾರಿಯೇ ಇಲ್ಲದ ಅಡ್ಡರಸ್ತೆಗಳು, ಉದ್ದನೆಯ ಕಾಂಪೌಂಡ್ ಗೋಡೆ, ಗೇಟು ಹಾಕಿದ ಬಡಾವಣೆ, ಇವೇ ಕಾರಣ. ಎರಡು ಮನೆಗಳ ನಡುವೆ ಒಂದು ಸಂದಿ ಬಿಟ್ಟಿದ್ದರೆ ಅರ್ಧ ದೂರ ಉಳಿಯುತ್ತಿತ್ತು. ಕಾರಿಗೆ ಆ ಸುತ್ತು ಲೆಕ್ಕಕ್ಕಿಲ್ಲ, ಬ್ಯಾಗ್ ಹೊತ್ತ ಮಗುವಿಗೆ ಅದೇ ದೊಡ್ಡದು.

ಇಷ್ಟೆಲ್ಲ ಸರಿಯಿದ್ದರೂ ಒಂದು ಕಡೆ ಕೆಟ್ಟಿದ್ದರೆ ಮುಗಿಯಿತು. ಏಣಿಯ ನಡುವಿನ ಒಂದು ಮೆಟ್ಟಿಲು ಮುರಿದಿದ್ದರೆ ಉಳಿದವು ಗಟ್ಟಿಯಿದ್ದೂ ಪ್ರಯೋಜನವಿಲ್ಲ. ಬೇಲಿಹೂ ಅವರೇ, ಮಗಳ ದಾರಿಯಲ್ಲಿ ಎಲ್ಲೋ ಒಂದು ಮುಖ್ಯರಸ್ತೆ ದಾಟಬೇಕೇ? ನನ್ನ ಅನುಮಾನ ಅದರ ಮೇಲೆಯೇ.

ಬೇಲಿಹೂ

ಹೌದು ಸರ್, ದಾಟಬೇಕು. ಮಗನ ದಾರಿಯಲ್ಲಿ ಅಂಥದ್ದಿಲ್ಲ, ಪೂರ್ತಿ ಒಳರಸ್ತೆಗಳೇ. ಇದನ್ನು ನಾನು ಹೀಗೆ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಬೆಳಗಿನ ಡ್ರೈವರ್

ನಾನು ದಿನಾ ಮಗನನ್ನ ಕಾರಲ್ಲಿ ಬಿಟ್ಟು ಬರೋನು. ಬೆಲ್ಜಿಯಂ ಕಥೆ ಓದಿದೆ, ಚೆನ್ನಾಗಿದೆ. ಆದ್ರೆ ನಮ್ಮ ಹುಡುಗನ ಕಿವೀಲಿ ಯಾವಾಗ್ಲೂ ಇಯರ್‌ಫೋನ್, ಯೋಚನೆ ಇನ್ನೆಲ್ಲೋ. ಮುಂದೆ ಲಾರಿ ಬಂದ್ರೂ ಗೊತ್ತಾಗಲ್ಲ. ಸ್ವಾವಲಂಬನೆ, ಆರೋಗ್ಯ ಎಲ್ಲಾ ಒಪ್ತೀನಿ. ಒಂದು ದಿನ ಹೆಚ್ಚುಕಮ್ಮಿ ಆದ್ರೆ ಯಾರ್ರೀ ಜವಾಬ್ದಾರಿ? ಅವನು ಕಾರಲ್ಲಿ ಪಕ್ಕದಲ್ಲಿದ್ದಾಗ ನನಗೆ ನೆಮ್ಮದಿ. ಅದನ್ನ ತಪ್ಪು ಅಂತ ಯಾರೂ ಹೇಳಬೇಡಿ.

ನಾಲ್ಕುದಾರಿ

ತಪ್ಪು ಅನ್ನುವುದಿಲ್ಲ ಸರ್. ನೀವು ಆ ರಸ್ತೆಯನ್ನು ನೋಡಿ ತೀರ್ಮಾನ ಮಾಡಿದ್ದೀರಿ, ಆ ತೀರ್ಮಾನ ಬಹುಶಃ ಸರಿಯೇ ಇದೆ. ನನ್ನ ತಕರಾರು ರಸ್ತೆಯ ಮೇಲೆ.

ವಾಹನ ಗಂಟೆಗೆ 30 ಕಿ.ಮೀ. ವೇಗದಲ್ಲಿದೆ ಅಂದುಕೊಳ್ಳಿ. ಚಾಲಕ ಮಗುವನ್ನು ನೋಡಿ ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್. ಅಷ್ಟರಲ್ಲಿ ವಾಹನ 8 ಮೀಟರ್ ಮುಂದೆ ಬಂದಿರುತ್ತದೆ. ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13. ಅದೇ ವಾಹನ 50ರಲ್ಲಿ ಬರುತ್ತಿದ್ದರೆ ಆ ಒಂದು ಸೆಕೆಂಡಿನಲ್ಲೇ 14 ಮೀಟರ್ ಕಳೆದಿರುತ್ತದೆ, ನಿಲ್ಲಲು ಇನ್ನೂ 14 ಬೇಕು. 30ರ ವಾಹನ ಪೂರ್ತಿ ನಿಂತ ಜಾಗದಲ್ಲಿ 50ರ ವಾಹನ ಬ್ರೇಕ್ ಹಿಡಿಯಲೂ ಶುರು ಮಾಡಿರುವುದಿಲ್ಲ. ಮಗು ಎಷ್ಟೇ ಎಚ್ಚರದಿಂದಿದ್ದರೂ ಈ ಲೆಕ್ಕ ಬದಲಾಗದು. ವೇಗದ ಮಿತಿ 30 ಎಂದು ಬೋರ್ಡ್ ಹಾಕಿ ರಸ್ತೆಯನ್ನು ಮಾತ್ರ 60ಕ್ಕೆ ಓಡಿಸುವಷ್ಟು ಅಗಲ ಮಾಡಿದರೆ ಬೋರ್ಡನ್ನು ಯಾರೂ ಓದುವುದಿಲ್ಲ. ರಸ್ತೆ ಕಿರಿದಾಗಬೇಕು, ತಿರುವು ಬಿಗಿಯಾಗಬೇಕು, ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತಬೇಕು. ಆಗ ಚಾಲಕನ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ.

ಮಕ್ಕಳ ಎಚ್ಚರದ ಬಗ್ಗೆ ನೀವು ಹೇಳಿದ್ದಕ್ಕೆ ಆಧಾರ ಇದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಸಿಮ್ಯುಲೇಟರ್ (ಪರದೆಯ ಮೇಲಿನ ಕೃತಕ ರಸ್ತೆ) ಇಟ್ಟು ಮಕ್ಕಳು ಸೈಕಲ್‌ನಲ್ಲಿ ರಸ್ತೆ ದಾಟುವುದನ್ನು ಗಮನಿಸಿದರು. 10, 12ರ ಮಕ್ಕಳು ವಾಹನಗಳ ನಡುವೆ ದೊಡ್ಡವರು ಆರಿಸುವಷ್ಟೇ ಅಂತರವನ್ನು ಆರಿಸುತ್ತಾರೆ, ಆದರೆ ಹೊರಡುವುದು ಸ್ವಲ್ಪ ತಡ. ಹಾಗಾಗಿ ಆಚೆ ಬದಿ ಮುಟ್ಟುವಾಗ ಉಳಿದಿರುವ ಸಮಯ ಕಡಿಮೆ. ನಡೆದು ದಾಟುವ ಪ್ರಯೋಗದಲ್ಲಿ 14ರ ಸುಮಾರಿಗೆ ಅವರು ದೊಡ್ಡವರಂತೆಯೇ ದಾಟುತ್ತಿದ್ದರು. ಮಗುವಿನ ಆ ಅರೆಕ್ಷಣದ ತಡವನ್ನು ಕ್ಷಮಿಸುವಂಥ ರಸ್ತೆ ಮಾಡುವುದು ನನ್ನಂಥವರ ಕೆಲಸ.

ಒಂಬತ್ತನೇ ಕ್ಲಾಸು

ನಾನು ಇಲ್ಲಿ ಬರೀಬಹುದಾ? ನಾನೇ ಆ ವಯಸ್ಸಿನವಳು. ಅಮ್ಮನ ಅಕೌಂಟ್ ಅಲ್ಲ, ನಂದೇ.

ದೊಡ್ಡವರು ಯಾವಾಗ್ಲೂ ಎಷ್ಟು ದೂರ, ಎಷ್ಟು ಟ್ರಾಫಿಕ್ ಅಂತ ಕೇಳ್ತೀರಿ. ನಾವು ದಾರೀನ ಬೇರೆ ಥರ ನೋಡ್ತೀವಿ. ನಮ್ಮ ದಾರೀಲಿ ಒಂದು ಕಡೆ ಉದ್ದಕ್ಕೂ ಗೋಡೆ ಇದೆ. ಒಂದು ಕಿಟಕಿ ಇಲ್ಲ, ಬಾಗಿಲಿಲ್ಲ, ಅಂಗಡಿ ಇಲ್ಲ. ವಾಹನ ಕಮ್ಮಿ, ಫುಟ್‌ಪಾತ್ ಕೂಡ ಚೆನ್ನಾಗಿದೆ. ಮ್ಯಾಪ್ ನೋಡಿದ್ರೆ ಅದೇ ಒಳ್ಳೇ ದಾರಿ ಅನ್ಸುತ್ತೆ. ಆದ್ರೆ ಅಲ್ಲಿ ಯಾರಾದ್ರೂ ಬೈಕ್ ನಿಧಾನ ಮಾಡಿ ಪಕ್ಕದಲ್ಲೇ ಬಂದ್ರೆ ಕೂಗಿದ್ರೂ ಕೇಳೋರಿಲ್ಲ. ಅದಕ್ಕೆ ನಾವು ಹುಡುಗೀರು ಸುತ್ತು ಹಾಕ್ಕೊಂಡು ಅಂಗಡಿ ಇರೋ ಬೀದೀಲೇ ಹೋಗ್ತೀವಿ. ಅಲ್ಲಿ ಜನ ಜಾಸ್ತಿ, ಗಲಾಟೆ ಜಾಸ್ತಿ, ಫುಟ್‌ಪಾತ್ ಮುರಿದಿದೆ. ಆದ್ರೂ ನಮಗೆ ಅದೇ ಸೇಫ್.

ಬೆಳಗ್ಗೆ ಅಷ್ಟು ಭಯ ಇಲ್ಲ. ಸ್ಪೆಷಲ್ ಕ್ಲಾಸ್ ಮುಗಿಸಿ ವಾಪಸ್ ಬರೋವಾಗ ಕಷ್ಟ. ಬೀದಿದೀಪ ಇದ್ರೂ ಮರದ ಕೊಂಬೆ ಒಳಗೆ ಸೇರ್ಕೊಂಡಿರುತ್ತೆ, ಬೆಳಕು ರಸ್ತೆ ಮಧ್ಯಕ್ಕೆ ಬೀಳುತ್ತೆ, ನಾವು ನಡೆಯೋ ಜಾಗ ಕತ್ತಲು. ದೀಪ ವಾಹನಕ್ಕೆ ಅಂತ ಹಾಕಿರೋದು.

ಆಮೇಲೆ, ಗೆಳತಿ ಜೊತೆಗಿದ್ರೆ ಅದೇ ದಾರಿ ಬೇರೆಯೇ ಆಗುತ್ತೆ. ದೊಡ್ಡವರು ಯಾರೂ ಕೇಳಿಸ್ಕೊಳ್ದೆ ನಾವು ಮಾತಾಡೋ ಸಮಯ ದಿನದಲ್ಲಿ ಅದೊಂದೇ. ಅವಳು ವ್ಯಾನ್‌ಗೆ ಸೇರಿದ್ಮೇಲೆ ನಾನೂ ನಡೆಯೋದು ಬಿಟ್ಟೆ. ರಸ್ತೆ ಏನೂ ಬದಲಾಗಿರ್ಲಿಲ್ಲ.

ಬೆಳಗಿನ ಡ್ರೈವರ್ ಅಂಕಲ್, ಇಯರ್‌ಫೋನ್ ಮಾತು ಸರಿ, ನಾವು ತೆಗೀಬೇಕು. ಆದ್ರೆ ನಾವು ದಾಟೋಕೆ ಕಾಯ್ತಾ ನಿಂತಿದ್ದಾಗ ನಿಲ್ಲಿಸೋ ಕಾರು ಎಷ್ಟು ಕಮ್ಮಿ ಅಂತ ನೀವೂ ಒಂದ್ಸಲ ನಮ್ಮ ಜೊತೆ ನಿಂತು ನೋಡಿ.

ನಾಲ್ಕುದಾರಿ

ಪುಟ್ಟಾ, ನೀನು ಬರೆದದ್ದು ಎಷ್ಟೋ ವರದಿಗಳಿಗಿಂತ ಸ್ಪಷ್ಟವಾಗಿದೆ. ನಾವು ಅಳತೆ ಮಾಡುವಾಗ ಆ ಗೋಡೆಯ ರಸ್ತೆಗೆ ಹೆಚ್ಚು ಅಂಕ ಕೊಟ್ಟುಬಿಡುತ್ತೇವೆ, ಏಕೆಂದರೆ ಫುಟ್‌ಪಾತ್ ಇದೆ, ವಾಹನ ಕಡಿಮೆ. ರಸ್ತೆಯ ಮೇಲೆ ಯಾರ ಕಣ್ಣಿದೆ ಅನ್ನುವ ಕಾಲಂ ನಮ್ಮ ನಮೂನೆಯಲ್ಲಿ ಎಷ್ಟೋ ಬಾರಿ ಇರುವುದೇ ಇಲ್ಲ.

ಗೆಳತಿಯ ಮಾತಿಗೆ ಒಂದು ಸೇರಿಸುತ್ತೇನೆ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕ 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದೇ ಬಗೆಯ ಮೂರು ಬೀದಿಗಳನ್ನು ಹೋಲಿಸಿದರು. ದಿನಕ್ಕೆ 2,000 ವಾಹನ ಓಡುವ ಬೀದಿಯಲ್ಲಿ ಪ್ರತಿಯೊಬ್ಬರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು. 16,000 ವಾಹನ ಓಡುವ ಬೀದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಎದುರುಮನೆಯ ಮಗುವಿನ ಪರಿಚಯವೇ ಇಲ್ಲದಿದ್ದರೆ ಜೊತೆಗೆ ನಡೆಯುವುದು ಯಾರ ಜೊತೆ?

ಅಂಕಿಯ ಹಿಂದೆ

ಎಲ್ಲರ ಮಾತೂ ಮನಸ್ಸಿಗೆ ಹಿಡಿಸಿತು. ಆದರೂ ಒಂದು ಎಚ್ಚರ ಹೇಳಲೇಬೇಕು. ಒಳ್ಳೆಯ ಫುಟ್‌ಪಾತ್ ಇರುವ ಕಡೆ ಮಕ್ಕಳು ಹೆಚ್ಚು ನಡೆಯುತ್ತಾರೆ ಅಂದ ಮಾತ್ರಕ್ಕೆ ಫುಟ್‌ಪಾತ್‌ನಿಂದಲೇ ನಡೆಯುತ್ತಾರೆ ಎಂದು ಹೇಳಲಾಗದು. ನಡೆಯುವುದು ಇಷ್ಟವಿರುವ ಕುಟುಂಬಗಳೇ ಅಂಥ ಬಡಾವಣೆ ಹುಡುಕಿಕೊಂಡು ಹೋಗಿರಬಹುದು. ಕಾರು ಕೊಳ್ಳಲಾಗದ ಮನೆಯ ಮಕ್ಕಳು ಎಂಥ ಕೆಟ್ಟ ರಸ್ತೆಯಲ್ಲೂ ನಡೆಯುತ್ತಾರೆ, ಬೇರೆ ದಾರಿ ಇಲ್ಲದೆ. ಅವರನ್ನು ಲೆಕ್ಕಕ್ಕೆ ಸೇರಿಸಿದರೆ ಕೆಟ್ಟ ರಸ್ತೆಯಲ್ಲೇ ಹೆಚ್ಚು ನಡಿಗೆ ಇದೆ ಎಂದು ಕಾಣುತ್ತದೆ! ನಡೆಯುತ್ತಾರೆ ಅನ್ನುವುದು ಬೇರೆ, ನೆಮ್ಮದಿಯಿಂದ ನಡೆಯುತ್ತಾರೆ ಅನ್ನುವುದು ಬೇರೆ.

ಹಾಗಾಗಿ ನಾನು ನಂಬುವುದು ರಸ್ತೆ ಬದಲಾಗುವ ಮೊದಲು ಮತ್ತು ನಂತರದ ಲೆಕ್ಕಗಳನ್ನು. ಅಮೆರಿಕದಲ್ಲಿ 2005ರ ಕಾನೂನಿನಡಿ ಶಾಲೆಯ ದಾರಿಗಳನ್ನು ಸುರಕ್ಷಿತಗೊಳಿಸಲು ಹಣ ಕೊಟ್ಟರು. ಮೂರು ರಾಜ್ಯ ಹಾಗೂ ವಾಷಿಂಗ್ಟನ್ ಡಿ.ಸಿ.ಯ 801 ಶಾಲೆಗಳನ್ನು ಪರಿಶೀಲಿಸಿದಾಗ, ಫುಟ್‌ಪಾತ್, ಕ್ರಾಸಿಂಗ್‌ನಂಥ ಕಾಮಗಾರಿ ನಡೆದ ಕಡೆ ನಡಿಗೆ–ಸೈಕಲ್ ಮೊದಲಿದ್ದದ್ದಕ್ಕಿಂತ ಶೇ. 18ರಷ್ಟು ಹೆಚ್ಚಿತ್ತು. ಮಕ್ಕಳಿಗೆ ಕಲಿಸುವುದು, ಹುರಿದುಂಬಿಸುವುದನ್ನು ಬಿಡದೆ ನಡೆಸಿದ ಕಡೆ ಐದು ವರ್ಷದಲ್ಲಿ ಶೇ. 25. ನ್ಯೂಯಾರ್ಕ್ ನಗರದಲ್ಲಿ ಇಂಥ ಕೆಲಸ ನಡೆದ ಪ್ರದೇಶಗಳಲ್ಲಿ ಶಾಲಾ ಹೊತ್ತಿನಲ್ಲಿ ನಡೆಯುವ ಮಕ್ಕಳಿಗೆ ಆಗುವ ಗಾಯದ ಪ್ರಮಾಣ ಶೇ. 44ರಷ್ಟು ಇಳಿಯಿತು. ಕಲ್ಲು–ಸಿಮೆಂಟಿಗೂ ಶಕ್ತಿ ಇದೆ, ಕಲಿಸುವುದಕ್ಕೂ ಇದೆ. ಇದರಲ್ಲಿ ಒಂದೇ ಸಾಕು ಅನ್ನುವವರ ಮಾತು ನಾನು ಒಪ್ಪುವುದಿಲ್ಲ.

ಹುಡುಗಿಯರ ಬಗ್ಗೆ ಮಾತು ಬಂದದ್ದರಿಂದ ಬಿಹಾರದ ಉದಾಹರಣೆ. 2006ರಲ್ಲಿ ಅಲ್ಲಿನ ಸರ್ಕಾರ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್‌ಗೆ ಹಣ ಕೊಡಲು ಶುರು ಮಾಡಿತು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರ ಲೆಕ್ಕದ ಪ್ರಕಾರ ಪ್ರೌಢಶಾಲೆಗೆ ಸೇರುವ ಹುಡುಗಿಯರು ಶೇ. 32ರಷ್ಟು ಹೆಚ್ಚಿದರು, ಹುಡುಗ–ಹುಡುಗಿಯರ ನಡುವಿನ ಅಂತರ ಶೇ. 40ರಷ್ಟು ತಗ್ಗಿತು. ಪರಿಣಾಮ ಹೆಚ್ಚಾಗಿ ಕಂಡದ್ದು ಶಾಲೆ 3 ಕಿ.ಮೀ.ಗಿಂತ ದೂರವಿದ್ದ ಹಳ್ಳಿಗಳಲ್ಲಿ. ಸೈಕಲ್ ಎಲ್ಲರಿಗೂ ಒಟ್ಟಿಗೆ ಸಿಕ್ಕಿತ್ತು ಅನ್ನುವುದು ಇಲ್ಲಿ ಮುಖ್ಯ. ಒಬ್ಬಳೇ ಹೊರಟಿದ್ದರೆ ಊರಿನ ಮಾತು ಕೇಳಬೇಕಿತ್ತು. ಗುಂಪಾಗಿ ಹೊರಟಾಗ ಅದೇ ರೂಢಿಯಾಯಿತು. ಸುತ್ತಲಿನ ಪರಿಸರ ಅಂದರೆ ನನ್ನ ಪ್ರಕಾರ ಇದೂ ಸೇರುತ್ತದೆ.

ಪಿ.ಟಿ. ಮೇಷ್ಟ್ರು

ನಾನು ಶಾಲೆಯ ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2016ರ ಅಂಕಿಅಂಶದಂತೆ 11ರಿಂದ 17ರ ಮಕ್ಕಳಲ್ಲಿ ಶೇ. 81 ಮಂದಿಗೆ ಅಷ್ಟು ಸಿಗುತ್ತಿರಲಿಲ್ಲ. ಹುಡುಗಿಯರಲ್ಲಿ ಶೇ. 85, ಹುಡುಗರಲ್ಲಿ ಶೇ. 78. ವಾರದಲ್ಲಿ ನನಗೆ ಸಿಗುವ ಒಂದೆರಡು ಪೀರಿಯಡ್‌ನಲ್ಲಿ ಈ ಕೊರತೆ ತುಂಬಲು ಸಾಧ್ಯವೇ ಇಲ್ಲ. ಆಟದಲ್ಲಿ ಆಸಕ್ತಿ ಇಲ್ಲದ ಮಗುವಿಗೂ ಶಾಲೆಗೆ ಬರುವುದು ತಪ್ಪುವುದಿಲ್ಲ. ನಡೆದು ಬಂದರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ.

ದಾರಿ ಅಂದಾಗ ಜನ ಗೇಟಿನವರೆಗೆ ಮಾತ್ರ ಯೋಚಿಸುತ್ತಾರೆ. ಸೈಕಲ್ ನಿಲ್ಲಿಸಲು ನೆರಳಿಲ್ಲ, ಬೀಗ ಹಾಕಿ ಕಟ್ಟಲು ಕಂಬಿ ಇಲ್ಲ, ಸಂಜೆ ನೋಡಿದರೆ ಗಾಳಿ ಬಿಟ್ಟಿರುತ್ತಾರೆ. ಮಗು ಎಷ್ಟು ದಿನ ತಡೆದುಕೊಳ್ಳುತ್ತದೆ? ಶಿಕ್ಷಕರ ವಾಹನಗಳಿಗೆ ಚಾವಣಿ ಇದ್ದು ಮಕ್ಕಳ ಸೈಕಲ್‌ಗಳು ಕೆಸರಿನಲ್ಲಿ ನಿಲ್ಲುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಇಡೀ ದಾರಿಯಲ್ಲಿ ಅತಿ ಅಪಾಯದ ಜಾಗ ಎಷ್ಟೋ ಕಡೆ ಶಾಲೆಯ ಗೇಟೇ. ಅಲ್ಲಿ ಸಾಲುಗಟ್ಟುವ ವಾಹನಗಳು ಪೋಷಕರವೇ. ಟ್ರಾಫಿಕ್ ಭಯಕ್ಕೆ ಒಬ್ಬರು ಕಾರು ತರುತ್ತಾರೆ, ಆ ಕಾರಿನ ಭಯಕ್ಕೆ ಇನ್ನೊಬ್ಬರು. ಇಟಲಿಯ ಬೋಲ್ಜಾನೋದಲ್ಲಿ 1989ರಲ್ಲೇ ಶಾಲೆ ಶುರುವಾಗುವ, ಬಿಡುವ ಹೊತ್ತಿಗೆ ಮುಂದಿನ ಬೀದಿಯನ್ನು ವಾಹನಗಳಿಗೆ ಮುಚ್ಚುವ ಪದ್ಧತಿ ಶುರು ಮಾಡಿದರು. ಪ್ಯಾರಿಸ್ 2020ರಿಂದೀಚೆಗೆ ಬಹಳಷ್ಟು ಶಾಲಾ ಬೀದಿಗಳನ್ನು ಕಾಯಂ ಆಗಿಯೇ ಮುಚ್ಚಿದೆ. ಕಡಿಮೆ ಖರ್ಚಿನಲ್ಲಿ ತಕ್ಷಣ ಮಾಡಬಹುದಾದ ಕೆಲಸ ಇದೇ ಎಂದು ನನ್ನ ನಂಬಿಕೆ.

ಇಳಿಜಾರು

ನನ್ನ ಮಗ ಗಾಲಿಕುರ್ಚಿಯಲ್ಲಿ ಓಡಾಡುತ್ತಾನೆ, ವಯಸ್ಸು ಹದಿನೈದು. ಇಷ್ಟು ಹೊತ್ತು ನಡೆಯುವುದು, ಸೈಕಲ್ ಎಂದೇ ಮಾತಾಯಿತು, ಅವನ ದಾರಿಯೂ ಇದೇ ದಾರಿ. ಫುಟ್‌ಪಾತ್ ಮಧ್ಯೆ ವಿದ್ಯುತ್ ಕಂಬ, ಪ್ರತಿ ಮನೆಯ ಗೇಟಿಗೂ ಒಂದೊಂದು ಇಳಿಜಾರು ಮಾಡಿ ಏರುತಗ್ಗಾದ ನೆಲ, ಮೂಲೆಯಲ್ಲಿ ಇಳಿಯಲು ಅಂಚು ತಗ್ಗಿಸಿಲ್ಲ. ಉಳಿದ ಮಕ್ಕಳು ಹಾರಿಕೊಂಡು ಹೋಗುವ ಜಾಗದಲ್ಲಿ ಅವನು ವಾಹನಗಳ ಎದುರು ರಸ್ತೆಗಿಳಿಯಬೇಕು. ನಾಲ್ಕುದಾರಿಯವರು ಹೇಳಿದ ಎತ್ತರಿಸಿದ ಕ್ರಾಸಿಂಗ್ ಇದ್ದರೆ ಅವನಿಗೆ ಇಳಿಯುವ, ಹತ್ತುವ ಪ್ರಶ್ನೆಯೇ ಇಲ್ಲ. ಗೆಳೆಯರ ಜೊತೆ ಮನೆಗೆ ಬರುವ ಆಸೆ ಅವನಿಗೂ ಇದೆ.

ಹಳೇ ಪೆಡಲ್

ನನಗೆ ವಯಸ್ಸಾಯಿತು, ಇನ್ನೂ ಸೈಕಲ್ ಬಿಟ್ಟಿಲ್ಲ. ಈ ಚರ್ಚೆಯಲ್ಲಿ ಇನ್ನೂ ಬರದ ಮಾತೊಂದಿದೆ, ಯಾವಾಗಲೂ ಬರುತ್ತದೆ: "ನೆದರ್‌ಲ್ಯಾಂಡ್ಸ್‌ನವರ ಸಂಸ್ಕೃತಿಯೇ ಅದು, ನಮಗೆ ಆಗದು" ಅಂತ. ಅವರಿಗೂ ಅದು ಸುಮ್ಮನೆ ಉಳಿದು ಬಂದದ್ದಲ್ಲ. ಯುದ್ಧಾನಂತರ ಅಲ್ಲೂ ಕಾರು ತುಂಬಿ ಸೈಕಲ್ ಇಳಿಮುಖವಾಗಿತ್ತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಮಂದಿ, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದ ಲೇಖನವೇ ಚಳವಳಿಯ ಹೆಸರಾಯಿತು. ತಂದೆತಾಯಂದಿರು ಬೀದಿಗಿಳಿದರು, ರಸ್ತೆ ತಡೆದರು. ಆಮೇಲೆಯೇ ಬೇರೆ ಸೈಕಲ್ ಪಥ, ನಿಧಾನದ ಒಳಬೀದಿ ಎಲ್ಲ ಬಂದದ್ದು. ಈಗ ಅಲ್ಲಿ ಪ್ರೌಢಶಾಲೆಯ ಮಕ್ಕಳಲ್ಲಿ ಬಹುಪಾಲು ಸೈಕಲ್‌ನಲ್ಲೇ ಹೋಗುತ್ತಾರೆ.

ಉಲ್ಟಾ ದಿಕ್ಕಿನ ಕಥೆಯೂ ಇದೆ. ಮೇಯರ್ ಹಿಲ್‌ಮನ್ ಎಂಬ ಹೆಸರಿನ ಸಂಶೋಧಕ ಮತ್ತು ಸಂಗಡಿಗರ ಸಮೀಕ್ಷೆಯಂತೆ ಇಂಗ್ಲೆಂಡಿನಲ್ಲಿ 1971ರಲ್ಲಿ 7–8 ವರ್ಷದವರಲ್ಲಿ ಶೇ. 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಶೇ. 9. ಅಮೆರಿಕದಲ್ಲಿ 5–14ರ ಮಕ್ಕಳಲ್ಲಿ ನಡೆದು ಅಥವಾ ಸೈಕಲ್‌ನಲ್ಲಿ ಹೋಗುವವರು 1969ರಲ್ಲಿ ಶೇ. 48, 2009ರಲ್ಲಿ ಶೇ. 13. ಒಂದೇ ತಲೆಮಾರಿನಲ್ಲಿ ಕಳೆದುಕೊಂಡರು. ಪಡೆದವರೂ ಒಂದೇ ತಲೆಮಾರಿನಲ್ಲಿ ಪಡೆದರು.

ಬೆಳಗಿನ ಡ್ರೈವರ್

ಎಲ್ಲಾ ಓದಿದೆ. ಆ ಮೇನ್ ರೋಡ್ ಹೀಗೇ ಇರೋವರೆಗೂ ನಾನು ಮಗನನ್ನ ಒಬ್ಬನೇ ದಾಟಿಸಲ್ಲ, ಅದರಲ್ಲಿ ಬದಲಾವಣೆ ಇಲ್ಲ. ಆದ್ರೆ ಮೇಷ್ಟ್ರು ಹೇಳಿದ ಗೇಟಿನ ಮಾತು ಸರಿ ಅನ್ನಿಸ್ತು. ಗೇಟ್ ಹತ್ರಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳೋ ಬದಲು, ಮೇನ್ ರೋಡ್ ದಾಟಿದ ತಕ್ಷಣ ಒಳರಸ್ತೇಲಿ ಇಳಿಸಿದ್ರೆ ಉಳಿದದ್ದು ಅವನು ನಡೀಬಹುದು. ಇದಕ್ಕೆ ಬೇರೆ ಪೋಷಕರು ಒಪ್ಪಿದ್ರೆ ಎಲ್ಲರೂ ಒಂದೇ ಜಾಗದಲ್ಲಿ ಇಳಿಸೋಣ, ಮಕ್ಕಳು ಗುಂಪಾಗಿ ಹೋಗ್ಲಿ.

ಅಂಕಿಯ ಹಿಂದೆ

ಖಂಡಿತ ಮಾಡಿ ಸರ್. ಗುಂಪಿಗೆ ಇನ್ನೊಂದು ಲಾಭವೂ ಇದೆ. ಪೀಟರ್ ಜೇಕಬ್ಸನ್ ಎಂಬ ಸಂಶೋಧಕರು 2003ರಲ್ಲಿ ಹಲವು ನಗರ, ದೇಶಗಳ ಅಂಕಿ ಹೋಲಿಸಿ ತೋರಿಸಿದ್ದರು: ನಡೆಯುವವರು, ಸೈಕಲ್‌ನವರು ಎರಡರಷ್ಟಾದರೆ ಅವರಲ್ಲಿ ಪ್ರತಿಯೊಬ್ಬರ ಅಪಾಯ ಸುಮಾರು ಮೂರನೇ ಒಂದರಷ್ಟು ತಗ್ಗುತ್ತದೆ. ಚಾಲಕರು ನೋಡಿ ಅಭ್ಯಾಸವಾಗುತ್ತಾರೆ.

ಬೇಲಿಹೂ

ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಇದನ್ನು ಎತ್ತುತ್ತೇನೆ. ಅದಕ್ಕೆ ಮೊದಲು ಆ ದಾರಿಯಲ್ಲಿ ಮಕ್ಕಳ ಜೊತೆ ನಡೆದು ಬರೆದುಕೊಳ್ಳಬೇಕು ಅಂದುಕೊಂಡಿದ್ದೇನೆ. ಏನೇನು ನೋಡಬೇಕು, ಹೇಳಿ.

ನಾಲ್ಕುದಾರಿ

ನೀವು ಹೋಗಬೇಕಾದದ್ದು ಮಕ್ಕಳು ಹೋಗುವ ಹೊತ್ತಿಗೇ, ರಜಾದಿನ ಬೇಡ. ಪ್ರತಿ ದಾಟುವ ಜಾಗದಲ್ಲಿ ನಿಂತು ಎಷ್ಟು ಹೊತ್ತು ಕಾಯಬೇಕಾಯಿತು, ದಾಟಲು ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆಯಿರಿ. ಮೂಲೆಯ ಹತ್ತಿರ ನಿಲ್ಲಿಸಿದ ವಾಹನಗಳು ಕಣ್ಣಿಗೆ ಅಡ್ಡ ಬರುತ್ತವೆಯೇ ನೋಡಿ, ಕುಳ್ಳಗಿರುವ ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಿ. ಅಮೆರಿಕದ ಹೊಬೋಕನ್ ಪಟ್ಟಣ ಮೂಲೆಗಳಲ್ಲಿ ವಾಹನ ನಿಲ್ಲಿಸುವುದನ್ನು ತಪ್ಪಿಸಿ, ಜೊತೆಗೆ ವೇಗವನ್ನೂ ತಗ್ಗಿಸಿತು. 2017ರ ನಂತರ ವರ್ಷಗಟ್ಟಲೆ ಅಲ್ಲಿ ರಸ್ತೆ ಅಪಘಾತದ ಸಾವು ಸಂಭವಿಸಲಿಲ್ಲ. ಸ್ಥಳೀಯ ಆಡಳಿತಕ್ಕೆ ಬರೆಯುವಾಗ "ರಸ್ತೆ ಸುರಕ್ಷಿತಗೊಳಿಸಿ" ಎಂದಷ್ಟೇ ಬರೆದರೆ ಫೈಲ್ ಮುಂದೆ ಹೋಗುವುದಿಲ್ಲ. ಇಂಥ ಜಾಗದಲ್ಲಿ ಎತ್ತರಿಸಿದ ಕ್ರಾಸಿಂಗ್, ನಡುವೆ ನಿಲ್ಲಲು ಜಾಗ ಎಂದು ಹೆಸರಿಟ್ಟು, ಫೋಟೋ ಹಾಕಿ ಕೇಳಿ.

ಇಳಿಜಾರು

ನಮ್ಮನ್ನೂ ಕರೆಯಿರಿ. ಗಾಲಿಕುರ್ಚಿ ಎಲ್ಲಿ ನಿಲ್ಲುತ್ತದೆಯೋ ಅಲ್ಲೆಲ್ಲ ನಿಮಗೆ ಒಂದು ಫೋಟೋ ಸಿಗುತ್ತದೆ.

ಒಂಬತ್ತನೇ ಕ್ಲಾಸು

ಬೇಲಿಹೂ ಆಂಟಿ, ಬೆಳಗ್ಗೆ ಮಾತ್ರ ಹೋಗ್ಬೇಡಿ, ಸಂಜೆ ಸ್ಪೆಷಲ್ ಕ್ಲಾಸ್ ಬಿಟ್ಟ ಮೇಲೂ ಒಂದ್ಸಲ ಬನ್ನಿ. ಬ್ಯಾಗ್ ನೀವೇ ಹೊತ್ಕೊಳ್ಳಿ. ಹುಡುಗೀರು ಯಾವ ಬೀದಿ ತಪ್ಪಿಸ್ತಾರೆ ಅಂತ ಕೇಳಿ, ಆದ್ರೆ ಹುಡುಗರ ಮುಂದೆ ಕೇಳ್ಬೇಡಿ, ಯಾರೂ ಹೇಳಲ್ಲ. ಒಂದು ಪೇಪರ್‌ನಲ್ಲಿ ಮ್ಯಾಪ್ ಬಿಡಿಸಿ ಕೊಡಿ, ಹೆಸರು ಬರೀದೆ ಗುರುತು ಹಾಕಿ ಕೊಡ್ತೀವಿ.